ಉಚಿತ ಸಂಸ್ಕಾರದ ಲೆಕ್ಕ

ಬೆಂಗಳೂರಿನ ಚಿತಾಗಾರಗಳ ಆಡಳಿತದ ಬಗ್ಗೆ ಪತ್ರಿಕೆಗಳಲ್ಲಿ ಬರೆಯುವವರ ನಡುವೆ ಎರಡು ಅಭಿಪ್ರಾಯಗಳು ಗಟ್ಟಿಯಾಗಿ ಕೂತುಬಿಟ್ಟಿವೆ. ಕೋವಿಡ್ ಕಾಲದಲ್ಲಿ ಶವಸಂಸ್ಕಾರವನ್ನು ಉಚಿತ ಮಾಡಿದ್ದು ಪಾಲಿಕೆ ಮಾಡಿದ ಕೆಲವೇ ಒಳ್ಳೆಯ ಕೆಲಸಗಳಲ್ಲಿ ಒಂದು ಎನ್ನುವುದು ಮೊದಲನೆಯದು. 2021ರ ಮೇ ತಿಂಗಳಲ್ಲಿ ಚಾಮರಾಜಪೇಟೆಯ ಚಿತಾಗಾರದ ಮುಂದೆ ‘ಹೌಸ್‌ಫುಲ್’ ಎಂದು ಬೋರ್ಡು ಹಾಕಿದ್ದು ಊರಿಗೇ ನಾಚಿಕೆಗೇಡು ಎನ್ನುವುದು ಎರಡನೆಯದು. ಎರಡನ್ನೂ ನಾನು ಒಪ್ಪುವುದಿಲ್ಲ. ಹೊರಗುತ್ತಿಗೆಗೆ ಬಿಟ್ಟ ಸೇವೆಯ ಮೇಲೆ ಪಾಲಿಕೆ ಹೇಗೆ ಕಣ್ಣಿಡಬೇಕು ಎಂಬ ಪ್ರಶ್ನೆ ಹಿಡಿದು ನೋಡಿದರೆ, ಹೊಗಳಿಸಿಕೊಂಡ ಆದೇಶವೇ ಕಳಪೆ. ಬೈಸಿಕೊಂಡ ಬೋರ್ಡೇ ಮೇಲು.

ಎರಡನೇ ಅಲೆಯ ದಿನಗಳನ್ನು ಮತ್ತೆ ವರ್ಣಿಸುವುದು ಬೇಡ. ಆಂಬುಲೆನ್ಸುಗಳ ಸಾಲು, ತಾವರೆಕೆರೆ ಮತ್ತು ಗಿಡ್ಡೇನಹಳ್ಳಿಯ ಬಯಲಿನಲ್ಲಿ ಉರಿದ ಚಿತೆಗಳು, ಯಾರೂ ಒಯ್ಯದೆ ಉಳಿದ ಅಸ್ಥಿಯನ್ನು ಸರ್ಕಾರವೇ ಬೆಳಕವಾಡಿಯ ಕಾವೇರಿಯಲ್ಲಿ ಬಿಟ್ಟದ್ದು, ಎಲ್ಲವೂ ಓದುಗರಿಗೆ ಗೊತ್ತು. ಸಂವಿಧಾನದ 12ನೇ ಅನುಸೂಚಿಯಲ್ಲಿ ಸ್ಮಶಾನ, ವಿದ್ಯುತ್ ಚಿತಾಗಾರಗಳು ಸ್ಥಳೀಯ ಸಂಸ್ಥೆಯ ಹೊಣೆ ಎಂದಿರುವುದೂ ಗೊತ್ತಿರುವ ಮಾತೇ. ಗೊತ್ತಿದ್ದೂ ಯಾರೂ ಓದದ ಒಂದು ಪುಟ್ಟ ಪಟ್ಟಿಯಿದೆ. ನಾನು ನಿಲ್ಲಬೇಕೆಂದಿರುವುದು ಅದರ ಮುಂದೆ.

2020ರಲ್ಲಿ ಪಾಲಿಕೆ ಕೋವಿಡ್ ಶವಗಳಿಗೆ ಮನ್ನಾ ಮಾಡಿದ ಶುಲ್ಕ ಮೂರು ಬಾಬ್ತಿನದು. ದಹನಕ್ಕೆ 250 ರೂಪಾಯಿ, ಅಸ್ಥಿಯ ಮಡಿಕೆಗೆ 100, ಚಟ್ಟಕ್ಕೆ 900. ಒಟ್ಟು 1,250. ಜೊತೆಗೆ ಸಿಬ್ಬಂದಿಗೆ ಶವವೊಂದಕ್ಕೆ 500 ರೂಪಾಯಿ ಪ್ರೋತ್ಸಾಹಧನ.

ಈ ಮೂರು ಸಾಲನ್ನು ನಿಧಾನವಾಗಿ ಓದಬೇಕು. ಪಾಲಿಕೆಯ ಆಸ್ತಿ ಎನ್ನಬಹುದಾದ ಫರ್ನೇಸು, ಅದರ ಕಾಯಿಲ್, ಅದು ಉಣ್ಣುವ ಕರೆಂಟು, ಎಲ್ಲಕ್ಕೂ ಸೇರಿ 250. ಒಲೆಯೊಳಗೆ ಹೋಗಿ ಕೆಲವೇ ನಿಮಿಷಗಳಲ್ಲಿ ಇಲ್ಲವಾಗುವ ಚಟ್ಟಕ್ಕೆ 900. ಅಂದರೆ ಸತ್ತವರ ಮನೆಯವರು ಕೊಡುತ್ತಿದ್ದ ದುಡ್ಡಿನಲ್ಲಿ ಸುಮಾರು ಮುಕ್ಕಾಲು ಪಾಲು ಸರಕಿನ ಬೆಲೆ. ಸೇವೆಗೆ ಕೊಡುತ್ತಿದ್ದದ್ದು ನಾಮಕಾವಸ್ತೆ. ಚಟ್ಟವನ್ನು ಪಾಲಿಕೆ ಕಟ್ಟುವುದಿಲ್ಲ. ಬಿದಿರು ತರುವವನು, ಕಟ್ಟುವವನು, ಒದಗಿಸುವವನು ಬೇರೆ. ಮನೆಯವರು 900 ಕೊಡುವತನಕ ಆ ವ್ಯವಹಾರದಲ್ಲಿ ಒಬ್ಬ ಕಾವಲುಗಾರ ಇದ್ದ. ಅವನಿಗೆ ಚಟ್ಟ ಕಣ್ಣೆದುರು ಕಾಣುತ್ತಿತ್ತು. ಮುರುಕಲು ಬಿದಿರು ಕಂಡರೆ ದುಃಖದ ನಡುವೆಯೂ ‘ಏನಪ್ಪಾ ಇದು’ ಎಂದು ಒಬ್ಬ ಚಿಕ್ಕಪ್ಪನೋ ಮಾವನೋ ಕೇಳುತ್ತಿದ್ದ. ಕೈಯಲ್ಲಿ ರಶೀದಿಯಿರುತ್ತಿತ್ತು. ಅದರಲ್ಲಿ ನಂಬರು, ತಾರೀಖು.

ಮನ್ನಾ ಆದ ಮೇಲೆ ಆ 900 ಎಲ್ಲಿಗೆ ಹೋಯಿತು? ಮಾಯವಾಗಲಿಲ್ಲ. ಪಾಲಿಕೆಯ ಮೇಲೆ ಬಿಲ್ಲಾಗಿ ಬಂತು. ಬಿಲ್ ಆಗಬೇಕಾದರೆ ಎಷ್ಟು ಶವ ಎಂಬ ಲೆಕ್ಕ ಬೇಕು. ಆ ಲೆಕ್ಕ ಇರುವುದು ಚಿತಾಗಾರದ ರಿಜಿಸ್ಟರಿನಲ್ಲಿ. ತಲಾ 500ರ ಪ್ರೋತ್ಸಾಹಧನಕ್ಕೂ ಅದೇ ಆಧಾರ. ಹೀಗೆ ರಿಜಿಸ್ಟರ್ ಬರೆಯುವ ಕೈ ಒಂದು ಕಡೆ, ಅದನ್ನು ನಂಬಿ ದುಡ್ಡು ಎತ್ತುವ ಕೈ ಇನ್ನೊಂದು ಕಡೆ. ಎರಡರ ನಡುವೆ ಇದ್ದ ಮೂರನೆಯವನನ್ನು, ಮನೆಯವನನ್ನು, ಆದೇಶ ಆಚೆ ಕಳಿಸಿತು. ಯಾರೋ ಕದ್ದರು ಎಂದು ನಾನು ಹೇಳುತ್ತಿಲ್ಲ. ಕದ್ದರೂ ಗೊತ್ತಾಗದ, ಕದಿಯದಿದ್ದರೂ ಸಾಬೀತು ಮಾಡಲಾಗದ ಏರ್ಪಾಟು ಅದು ಎಂಬುದಷ್ಟೇ ನನ್ನ ಆಕ್ಷೇಪ. ಬಡವರಿಗೆ 1,250 ದೊಡ್ಡ ಮೊತ್ತವೇ. ಮನ್ನಾ ಬೇಡವಾಗಿತ್ತು ಎನ್ನಲಾರೆ. ಶುಲ್ಕ ಸೊನ್ನೆ ಎಂದು ಬರೆದ ರಶೀದಿಯನ್ನಾದರೂ ಪ್ರತಿಯೊಬ್ಬರ ಕೈಗೆ ಕೊಡಲೇಬೇಕಿತ್ತು. ‘ಉಚಿತ’ ಎಂದು ಗೋಡೆಗೆ ಬರೆದರೂ ಬಾಗಿಲಲ್ಲಿ ‘ಖುಷಿಗೆ ಏನಾದರೂ ಕೊಡಿ ಸಾರ್’ ಎನ್ನುವ ದನಿ ನಿಲ್ಲುವುದಿಲ್ಲ. ರಶೀದಿ ಹರಿಯುವ ಕಡೆ ಆ ದನಿ ತುಸು ತಗ್ಗಿರುತ್ತದೆ, ಅಷ್ಟೆ.

ರಿಜಿಸ್ಟರಿನ ಮಾತು ಇನ್ನೂ ಇದೆ. ಜನನ ಮರಣ ನೋಂದಣಿಯ 1969ರ ಕಾಯ್ದೆ, ಶವಸಂಸ್ಕಾರದ ಜಾಗವನ್ನು ನೋಡಿಕೊಳ್ಳುವವನ ಮೇಲೆ ಒಂದು ಹೊಣೆ ಹೊರಿಸುತ್ತದೆ: ಅಲ್ಲಿಗೆ ಬಂದ ಸಾವನ್ನು ನೋಂದಣಾಧಿಕಾರಿಗೆ ತಿಳಿಸಬೇಕು. ಹೊರಗುತ್ತಿಗೆಯ ಆಪರೇಟರ್ ಬರೀ ಬಟನ್ ಒತ್ತುವವನಲ್ಲ, ಕಾನೂನಿನ ಕಣ್ಣಲ್ಲಿ ಅವನು ಸಾವಿನ ಸಾಕ್ಷಿ. ಟೆಂಡರಿನಲ್ಲಿ ಕಸ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ರಾತ್ರಿ ಕಾವಲು ಇವೆಲ್ಲದರ ಸಾಲಿನಲ್ಲಿ ‘ದಾಖಲೆ ನಿರ್ವಹಣೆ’ ಎಂಬ ಒಂದು ಸಾಲೂ ಇರುತ್ತದೆ; ತೂಕ ಎಲ್ಲಕ್ಕೂ ಒಂದೇ. 2020ರ ಜುಲೈಯಲ್ಲಿ ಕೋವಿಡ್‌ನಿಂದ ಸತ್ತ ಇಬ್ಬರ ಶವಗಳು 2021ರ ನವೆಂಬರಿನಲ್ಲಿ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಶವಾಗಾರದಲ್ಲಿ ಪತ್ತೆಯಾದವಲ್ಲ, ಆಗ ಎಲ್ಲರೂ ಮನುಷ್ಯತ್ವ ಸತ್ತಿದೆ ಎಂದು ಬರೆದರು. ಆಸ್ಪತ್ರೆಯಲ್ಲಿ ಸತ್ತವರ ಪಟ್ಟಿಯನ್ನೂ ಚಿತಾಗಾರದ ರಿಜಿಸ್ಟರನ್ನೂ ಪಕ್ಕಪಕ್ಕ ಇಟ್ಟು ವಾರಕ್ಕೊಮ್ಮೆ ತಾಳೆ ನೋಡುವ ಒಬ್ಬ ಗುಮಾಸ್ತ ಇದ್ದಿದ್ದರೆ ಹದಿನಾರು ತಿಂಗಳು ಹಿಡಿಯುತ್ತಿರಲಿಲ್ಲ. ಮನುಷ್ಯತ್ವದ ಪ್ರಶ್ನೆ ಆಮೇಲೆ.

ರಿಜಿಸ್ಟರ್ ಸುಳ್ಳು ಹೇಳಿದರೆ ಹಿಡಿಯುವುದು ಹೇಗೆ? ಮೀಟರಿನಿಂದ. ಆರಿದ ವಿದ್ಯುತ್ ಫರ್ನೇಸನ್ನು ಹದಕ್ಕೆ ತರಲು ಗಂಟೆಗಟ್ಟಲೆ ಬೇಕು. ಕಾದ ಮೇಲೆ ಒಂದರ ಹಿಂದೆ ಒಂದು ಶವ ಬಂದರೆ ತಲಾ ಖರ್ಚಾಗುವ ಯೂನಿಟ್ ಇಳಿಯುತ್ತದೆ. ಹಾಗಾಗಿ ದಿನದ ಮೊದಲ ಶವದ ಹೊತ್ತು, ಕೊನೆಯ ಶವದ ಹೊತ್ತು, ಬೆಸ್ಕಾಂ ಮೀಟರಿನ ಆ ದಿನದ ಓಟ, ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಅನುಭವಸ್ಥ ಎಲೆಕ್ಟ್ರಿಕಲ್ ಎಂಜಿನಿಯರಿಗೆ ರಿಜಿಸ್ಟರ್ ನಿಜವೋ ಅಲ್ಲವೋ ಹೊಳೆಯುತ್ತದೆ. ಅನಿಲದ ಒಲೆಯಾದರೆ ಸಿಲಿಂಡರಿನ ಲೆಕ್ಕ. ಇದಕ್ಕೆ ಆ್ಯಪ್ ಬೇಡ, ಸಿಸಿಟಿವಿ ಬೇಡ. ತೊಡಕು ಬೇರೆ ಇದೆ. ಶವದ ಲೆಕ್ಕ ಇರುವುದು ಆರೋಗ್ಯ ವಿಭಾಗದಲ್ಲಿ, ಕರೆಂಟಿನ ಲೆಕ್ಕ ಇರುವುದು ವಿದ್ಯುತ್ ವಿಭಾಗದಲ್ಲಿ. ಎರಡು ಕಡತಗಳು ಒಂದು ಮೇಜಿನ ಮೇಲೆ ಸೇರುವುದು ಎಂದಾದರೂ ತನಿಖೆ ನಡೆದಾಗ ಮಾತ್ರ.

ಇನ್ನು ವಿಮರ್ಶಕ ಮಿತ್ರರ ಮಾತು. ಒಂದು ಬಣದವರಿಗೆ ಎಲ್ಲದಕ್ಕೂ ಉತ್ತರ ತಮಿಳುನಾಡು. ಅಲ್ಲಿನ ಹಲವು ಊರುಗಳಲ್ಲಿ ರೋಟರಿ ಘಟಕಗಳು, ಟ್ರಸ್ಟುಗಳು, ಈಶ ಫೌಂಡೇಶನ್ ಚಿತಾಗಾರ ನಡೆಸುತ್ತವೆ; ತೋಟವಿದೆ, ನೆಲ ಥಳಥಳ ಎನ್ನುತ್ತದೆ, ಮಾತು ಮೃದು; ನಮ್ಮಲ್ಲೂ ಹಾಗೇ ಕೊಟ್ಟುಬಿಡಿ ಎನ್ನುತ್ತಾರೆ. ಥಳಥಳಿಸುವ ನೆಲದ ಬಗ್ಗೆ ನನಗೆ ತಕರಾರಿಲ್ಲ. ಶವ ಹೊತ್ತು ಬಂದವರು ಕೆಸರಿನಲ್ಲಿ ನಿಲ್ಲಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ತೋಟ ನೋಡಿ ಲೆಕ್ಕ ಸರಿಯಿದೆ ಎನ್ನುವ ವಿಮರ್ಶೆ ರಟ್ಟು ನೋಡಿ ಕಾದಂಬರಿ ಹೊಗಳಿದಂತೆ. ಒಪ್ಪಂದ ಎಷ್ಟು ವರ್ಷದ್ದು, ಶುಲ್ಕ ಏರಿಸುವ ಅಧಿಕಾರ ಯಾರದು, ಒಲೆ ಕೆಟ್ಟರೆ ಎಷ್ಟು ಗಂಟೆಯೊಳಗೆ ಸರಿಪಡಿಸಬೇಕು, ತಪ್ಪಿದರೆ ದಂಡವೆಷ್ಟು, ಸೇವಾಸಂಸ್ಥೆ ನಾಳೆ ಕೈಬಿಟ್ಟರೆ ಗತಿಯೇನು? ಈ ಲೇಖನಗಳಲ್ಲಿ ಇಂಥದ್ದೊಂದು ಪ್ರಶ್ನೆಯನ್ನೂ ನಾನು ಕಂಡಿಲ್ಲ. ಸೇವಾಭಾವದಿಂದ ಬಂದವರನ್ನು ಲೆಕ್ಕ ಕೇಳುವುದು ಅವಮಾನ ಎಂಬ ಭಾವನೆಯೊಂದು ನಮ್ಮಲ್ಲಿದೆ. ಲಾಭಕ್ಕೆ ಬಂದ ಕಂಟ್ರಾಕ್ಟರನಿಗೆ ನೋಟಿಸು ಕೊಡುವುದು ಸುಲಭ, ಸೇವೆಗೆ ಬಂದವರಿಗೆ ಕೊಡುವ ಎದೆಗಾರಿಕೆ ಯಾವ ಕಮಿಷನರಿಗಿದೆ?

ಇನ್ನೊಂದು ಬಣ ಹೊರಗುತ್ತಿಗೆಯೇ ಮೂಲ ಪಾಪ ಎನ್ನುತ್ತದೆ. ಚುನಾಯಿತ ಪಾಲಿಕೆ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತದೆ. ಇವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬಿಬಿಎಂಪಿಯ ಕೊನೆಯ ಕೌನ್ಸಿಲಿನ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಎರಡನೇ ಅಲೆ ಬಂದಾಗ ನಗರದಲ್ಲಿ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಸ್ಥಾಯಿ ಸಮಿತಿ ಇರಲಿಲ್ಲ, ಪ್ರಶ್ನೋತ್ತರ ಇರಲಿಲ್ಲ. ಬೀದಿಯ ಹೆಣಕ್ಕೆ ದಾರಿ ಮಾಡಿಸಲು ಜನ ಶಾಸಕರ ಆಪ್ತ ಸಹಾಯಕರಿಗೆ ಫೋನ್ ಹಚ್ಚಬೇಕಾಯಿತು. ಚಿತಾಗಾರದ ಉಸ್ತುವಾರಿಯ ಬಗ್ಗೆ ಬರೆಯುವ ಯಾರೇ ಆಗಲಿ ಇದನ್ನು ಮೊದಲ ಪುಟದಲ್ಲೇ ಹೇಳಬೇಕು. ಆದರೆ ಚುನಾಯಿತ ಕೌನ್ಸಿಲ್ ಇದ್ದರೆ ಸಾಕು ಎಂಬ ಉಳಿದರ್ಧ ಬರೀ ನಂಬಿಕೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ಚುನಾಯಿತವೇ ಆಗಿತ್ತು. ಶರ್ಲಿ ಪೋರ್ಟರ್ ನಾಯಕತ್ವದಲ್ಲಿ, ನಿರ್ವಹಣೆಯ ಖರ್ಚು ಉಳಿಸಲೆಂದು, 1987ರಲ್ಲಿ ಅದು ತನ್ನ ಮೂರು ಸ್ಮಶಾನಗಳನ್ನು ತಲಾ ಐದು ಪೆನ್ಸ್‌ಗೆ ಮಾರಿತು. ಕೊಂಡವರು ಬೆಲೆಬಾಳುವ ಜಾಗವನ್ನು ಬೇರೆಯವರಿಗೆ ದಾಟಿಸಿದರು, ಸಮಾಧಿಗಳ ಮೇಲೆ ಪೊದೆ ಬೆಳೆಯಿತು. ಮಣ್ಣು ಮಾಡಿದವರ ಮನೆಯವರು ಬೀದಿಗಿಳಿದ ಮೇಲೆ ಕೌನ್ಸಿಲ್ ಅವುಗಳನ್ನು ವಾಪಸು ಪಡೆಯಬೇಕಾಯಿತು, ಬೆಲೆಬಾಳುವ ಜಾಗವನ್ನು ಕಳೆದುಕೊಂಡು. ಅಲ್ಲಿ ಮತದಾರರಿದ್ದರು, ಪತ್ರಿಕೆಗಳಿದ್ದವು, ಲೆಕ್ಕ ಪರಿಶೋಧಕರಿದ್ದರು. ಕೊಂಡವನಿಂದ ಮುಂದೆ ಕೊಂಡವನ ಕೈಕಟ್ಟುವ ಷರತ್ತು ಮಾತ್ರ ಇರಲಿಲ್ಲ.

ಈಗ ಬೋರ್ಡಿನ ವಿಷಯ. ಚಾಮರಾಜಪೇಟೆಯಲ್ಲಿ ಅಂದು ನಡೆದದ್ದು ಇಷ್ಟು. ಆ ದಿನ ಸುಡಬಹುದಾದಷ್ಟು ಶವಗಳ, ಸುಮಾರು ಇಪ್ಪತ್ತರ, ನೋಂದಣಿ ಆಗಿಹೋಗಿತ್ತು. ಸಿಬ್ಬಂದಿ ಬಾಗಿಲಿಗೆ ಬೋರ್ಡು ಹಾಕಿದರು. ಚಿತ್ರಮಂದಿರದ ಭಾಷೆಯನ್ನು ಸ್ಮಶಾನಕ್ಕೆ ತಂದರು ಎಂದು ಸಂಪಾದಕೀಯಗಳು ಕಣ್ಣೀರಿಟ್ಟವು. ರುಚಿಯ ಪ್ರಶ್ನೆ ಪಕ್ಕಕ್ಕಿಡಿ. ಆ ಬೋರ್ಡು ಮಾಡಿದ ಕೆಲಸವೇನು? ಈ ಒಲೆಯ ಸಾಮರ್ಥ್ಯ ಇಷ್ಟು, ಅದು ಇವತ್ತಿಗೆ ಮುಗಿದಿದೆ, ಬೇರೆ ಕಡೆ ಹೋಗಿ ಎಂದು ಆಂಬುಲೆನ್ಸ್ ಚಾಲಕನಿಗೆ ಹೇಳಿತು. ‘ಯಾವುದೇ ಕೊರತೆಯಿಲ್ಲ, ಎಲ್ಲ ವ್ಯವಸ್ಥೆ ಮಾಡಲಾಗಿದೆ’ ಎಂಬ ಹೇಳಿಕೆಗಳ ನಡುವೆ, ಬೆಂಗಳೂರಿನ ಚಿತಾಗಾರವೊಂದು ತನ್ನ ಮಿತಿಯನ್ನು ಸಾರ್ವಜನಿಕವಾಗಿ ಬರೆದು ಹಾಕಿದ ದಾಖಲೆ ಅದು. ಮೇಲಿನವರ ಆದೇಶಕ್ಕೆ ಕಾಯದೆ ಕೆಳಗಿನವರು ಮಾಡಿದ್ದು. ಬಿಸಿಲಿನಲ್ಲಿ ಗಂಟೆಗಟ್ಟಲೆ ಕಾಯಿಸಿ ಕೊನೆಗೆ ಇಲ್ಲ ಎನ್ನುವುದಕ್ಕಿಂತ ಬಾಗಿಲಲ್ಲೇ ಇಲ್ಲ ಎನ್ನುವುದು ಸತ್ತವರಿಗೂ ಬದುಕಿದ್ದವರಿಗೂ ಮರ್ಯಾದೆ. ದಿನವೂ ಬೆಳಿಗ್ಗೆ ಪ್ರತಿ ಚಿತಾಗಾರದ ಮುಂದೆ ಎಷ್ಟು ಒಲೆ ಕೆಲಸ ಮಾಡುತ್ತಿವೆ, ಎಷ್ಟು ಕೆಟ್ಟಿವೆ, ಇವತ್ತು ಎಷ್ಟು ಜಾಗ ಉಳಿದಿದೆ ಎಂದು ಸೀಮೆಸುಣ್ಣದಲ್ಲಿ ಬರೆಯಬೇಕು ಎಂಬ ಷರತ್ತು ಟೆಂಡರಿನಲ್ಲಿ ಇರಬೇಕಿತ್ತು. ಇದ್ದಿದ್ದರೆ ಆ ಹುಡುಗರು ಸಿನಿಮಾ ಭಾಷೆಯನ್ನು ಎರವಲು ತರಬೇಕಾಗಿರಲಿಲ್ಲ.

ಅದೇ ಕೆಲಸಗಾರರಿಗೆ 2022ರಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ‘ಸತ್ಯ ಹರಿಶ್ಚಂದ್ರ ಬಳಗ’ ಎಂದು ಹೆಸರಿಟ್ಟಿತು. ಕೆಲಸ ಕಾಯಂ ಮಾಡುವ ಮಾತನ್ನೂ ಆಡಿತು. ಹೆಸರಿಗೆ ಚಪ್ಪಾಳೆ ಬಿತ್ತು. ರಾಘವಾಂಕನನ್ನು ಓದಿದವರು ಒಂದು ಗಳಿಗೆ ಯೋಚಿಸಬೇಕಿತ್ತು. ವೀರಬಾಹುಕನಿಗೆ ತನ್ನನ್ನು ಮಾರಿಕೊಂಡು ಸುಡುಗಾಡು ಕಾದ ಅರಸನಿಗೆ ಸಂಬಳವಿರಲಿಲ್ಲ, ರಜೆಯಿರಲಿಲ್ಲ, ಬಿಟ್ಟುಹೋಗುವ ಸ್ವಾತಂತ್ರ್ಯವೂ ಇರಲಿಲ್ಲ. ಹಾಗಿದ್ದೂ ಸ್ವಂತ ಮಗನ ಹೆಣ ತಂದ ಚಂದ್ರಮತಿಯ ಹತ್ತಿರ ಒಡೆಯನಿಗೆ ಸಲ್ಲಬೇಕಾದ ಸುಂಕ ಕೇಳಿದ. ಅವನು ಲೆಕ್ಕ ಬಿಡದವನು. ಅಂಥವನ ಹೆಸರನ್ನು, ತಿಂಗಳ ಸಂಬಳಕ್ಕಾಗಿ ಬೀದಿಯಲ್ಲಿ ಕೂರಬೇಕಾದ ಜನಕ್ಕೆ ಬಿರುದಾಗಿ ಕೊಟ್ಟವರು ಕಾವ್ಯದ ಯಾವ ಭಾಗವನ್ನು ನೆನೆದಿದ್ದರೋ! ಹಳ್ಳಿಗಳ ಮಸಣ ಕಾರ್ಮಿಕರು ಬಿರುದು ಕೇಳುವುದಿಲ್ಲ. ಗುಂಡಿ ತೋಡುವುದನ್ನು ಉದ್ಯೋಗ ಖಾತ್ರಿಯ ಕೆಲಸವೆಂದು ಲೆಕ್ಕಕ್ಕೆ ಹಿಡಿಯಿರಿ ಎನ್ನುತ್ತಾರೆ. ಉಸ್ತುವಾರಿಯ ಬಗ್ಗೆ ಅವರಿಗಿರುವ ತಿಳಿವಳಿಕೆ ನಮ್ಮ ಅಂಕಣಕಾರರಿಗಿಂತ ಚೊಕ್ಕ.

ರಸ್ತೆ ಗುಡಿಸುವ ಪೌರಕಾರ್ಮಿಕರು ಹೋರಾಡಿ ಕಂಟ್ರಾಕ್ಟರನನ್ನು ನಡುವಿನಿಂದ ತೆಗೆಸಿ, ನೇರ ಪಾವತಿ ಪಡೆದದ್ದು ಇದೇ ಪಾಲಿಕೆಯಲ್ಲಿ. ಅವರ ಸಂಖ್ಯೆ ದೊಡ್ಡದು, ಒಂದು ದಿನ ಗುಡಿಸದಿದ್ದರೆ ಊರು ನಾರುತ್ತದೆ. ಚಿತಾಗಾರದವರು ಕೆಲವೇ ಮಂದಿ. ಮುಷ್ಕರ ಹೂಡಿದರೂ ಹೆಣ ಬಂದಾಗ ಎದ್ದು ಹೋಗುತ್ತಾರೆ. ಅವರ ಈ ಒಳ್ಳೆಯತನವೇ ಅವರ ಬಿಲ್ ತಡವಾಗಲು ಕಾರಣ ಎಂದರೆ ಕಟುವಾದೀತು, ಆದರೆ ಕಡತ ಓಡಾಡುವ ರೀತಿ ಬಲ್ಲವರು ಇಲ್ಲವೆನ್ನಲಾರರು.

2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಒಲೆಗಳು, ಗುತ್ತಿಗೆಗಳು, ಬಾಕಿ ಬಿಲ್ಲುಗಳು ಐದು ಪಾಲಾಗುತ್ತವೆ. ತಾವರೆಕೆರೆಯ ಬಯಲು ಆಗಲೂ ನಗರದ ಗಡಿಯಾಚೆ ಇತ್ತು; ಅಲ್ಲಿ ಉರಿದದ್ದು ನಗರದ ಹೆಣಗಳು, ಹೊಣೆ ಹೊತ್ತದ್ದು ಜಿಲ್ಲಾಡಳಿತ. ಇನ್ನು ಮುಂದೆ ಪಶ್ಚಿಮದ ಹೆಣ ದಕ್ಷಿಣದ ಒಲೆಗೆ ಹೋದರೆ ಖರ್ಚು ಯಾರ ಲೆಕ್ಕಕ್ಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೊಸ ಕೌನ್ಸಿಲುಗಳು ಕೂತಾಗ ಸದಸ್ಯರು ಹೊಸ ಚಿತಾಗಾರಕ್ಕೆ ಶಂಕುಸ್ಥಾಪನೆ ಕೇಳುತ್ತಾರೆ, ಅದು ಸಹಜ. ಹೊರಗುತ್ತಿಗೆಯವರಿಗೆ ಸಂಬಳ ಕೊಡುವಾಗ ಮೂಲ ಮಾಲೀಕನ ಪ್ರತಿನಿಧಿ ಎದುರಿಗಿದ್ದು, ಕೊಟ್ಟದ್ದು ನಿಜವೆಂದು ಸಹಿ ಹಾಕಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿತ್ತು. ಕಂಟ್ರಾಕ್ಟರ್ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಎಂದೂ ಹೇಳಿತ್ತು. ಇಲ್ಲಿ ಮೂಲ ಮಾಲೀಕ ಪಾಲಿಕೆ. 2020ರಿಂದ ಈಚೆಗೆ ಪ್ರತಿ ಚಿತಾಗಾರದ ಸಂಬಳದ ಪುಸ್ತಕದಲ್ಲಿ ಆ ಸಹಿ ಹಾಕಿದವರು ಯಾರು, ಯಾವ ತಿಂಗಳುಗಳಲ್ಲಿ ಹಾಕಿಲ್ಲ, ಆ ಪುಸ್ತಕಗಳು ಈಗ ಐದರಲ್ಲಿ ಯಾವ ಕಚೇರಿಯ ಬೀರುವಿನಲ್ಲಿವೆ ಎಂದು ಒಬ್ಬ ಸದಸ್ಯ ಮೊದಲ ಸಭೆಯಲ್ಲಿ ಲಿಖಿತವಾಗಿ ಕೇಳಲಿ.