ಮಕ್ಕಳ ಕಥೆಯಲ್ಲಿ ಮರಣ: ಗೋವಿನ ಹಾಡಿನ ವಿಚಾರ

ಮಕ್ಕಳು ಮೆಚ್ಚಿದ ಪಾತ್ರವನ್ನು ಕವಿಯು ಕೊಲ್ಲಬಹುದೆ? ಕೂಡದೆನ್ನುವವರು, ಎಳೆಯ ಮನಸ್ಸು ನೊಂದೀತೆಂದು ಅಂಜುವರು. ಆಗಬಹುದೆನ್ನುವವರು, ಲೋಕದಲ್ಲಿರುವ ಸಾವನ್ನು ಕಥೆಯಲ್ಲಿ ಬಚ್ಚಿಡುವುದೇಕೆಂದು ಕೇಳುವರು. ಈ ವಾದವನ್ನು ಉಜ್ಜಿ ನೋಡಲು ಗೋವಿನ ಹಾಡಿಗಿಂತ ಮೇಲಾದ ಒರೆಗಲ್ಲು ಕನ್ನಡದಲ್ಲಿಲ್ಲ.

ಸಂಸ್ಕೃತದ ಲಕ್ಷಣಕಾರರು ಈ ಪ್ರಶ್ನೆಯನ್ನು ಎಂದೋ ಎತ್ತಿದ್ದರು. 10ನೆಯ ಶತಮಾನದ ಧನಂಜಯನು ತನ್ನ ದಶರೂಪಕದಲ್ಲಿ, ಅಧಿಕಾರಿಯ, ಎಂದರೆ ಕಥಾಫಲಕ್ಕೆ ಒಡೆಯನಾದ ಮುಖ್ಯಪಾತ್ರದ, ವಧೆಯನ್ನು ರೂಪಕದಲ್ಲಿ ಎಲ್ಲಿಯೂ ತರಬಾರದೆಂದು ವಿಧಿಸಿದ್ದಾನೆ. ಆದರೆ ಭಾಸನದೆಂದು ಪ್ರಸಿದ್ಧವಾದ ಊರುಭಂಗದಲ್ಲಿ ದುರ್ಯೋಧನನು ರಂಗದ ಮೇಲೆಯೇ ಅಸುನೀಗುವನು; ಅವನ ಹಿರಿಮೆ ಬೆಳಗುವುದೂ ಆ ಸಾವಿನಲ್ಲಿಯೇ. ಹೀಗೆ ನಿಯಮವೂ ಉಂಟು, ಅದನ್ನು ಮೀರಿ ಗೆದ್ದವರೂ ಉಂಟು. ಮೀರಿದುದರಿಂದ ಫಲವೇನು ಎಂಬುದೊಂದೇ ವಿಚಾರಣೀಯ.

ಗೋವಿನ ಹಾಡಿನ ಕವಿಯು ಪುಣ್ಯಕೋಟಿಯನ್ನು ಕೊಲ್ಲಲಿಲ್ಲ. ಆದರೆ ಸಾವಿನ ದುಃಖದಲ್ಲಿ ಒಂದು ಗುಟುಕನ್ನೂ ಕೇಳುವವರಿಗೆ ಕಡಿಮೆ ಮಾಡಲಿಲ್ಲ. ಹಸು ಕರುವಿಗೆ ಕಡೆಯ ಸಲ ಮೊಲೆಯುಣಿಸುವುದು, ತಬ್ಬಲಿಯಾಗುವ ಮಗುವನ್ನು ಒಡಹುಟ್ಟಿದವರಿಗೆ ಒಪ್ಪಿಸುವುದು, ತಿರುಗಿ ನೋಡದೆ ಗವಿಯತ್ತ ನಡೆಯುವುದು: ಇವುಗಳಲ್ಲಿ ಸಾವು ಮುಗಿದೇಹೋಗಿದೆ. ಮಕ್ಕಳು ಅಳುವುದು ಹಾಡಿನ ಕೊನೆಯಲ್ಲಲ್ಲ, ಈ ನಡುವಣ ಬೀಳ್ಕೊಡುಗೆಯಲ್ಲಿ. ಮಂಡ್ಯ, ಮದ್ದೂರು, ಮಳವಳ್ಳಿಗಳ ಹಳ್ಳಿಗಳಲ್ಲಿ ಸಂಕ್ರಾಂತಿಯ ಸಂಜೆ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುವರು. ತಮ್ಮ ಮನೆಯ ಹಸು ಉರಿಯನ್ನು ದಾಟಿ ಬರುವವರೆಗೆ ಉಸಿರು ಬಿಗಿಹಿಡಿದು ನಿಲ್ಲುವ ಮಗುವಿಗೆ ಈ ಭಯವೂ ಹೊಸದಲ್ಲ, ಭಯವನ್ನು ದಾಟಿದ ಸಂತೋಷವೂ ಹೊಸದಲ್ಲ. ಹಾಡು ಸಹ ಸಂಕ್ರಾಂತಿಯ ಪೂಜೆಯ ಮಾತಿನಲ್ಲಿಯೇ ಮುಗಿಯುವುದು ಉಚಿತವಾಗಿದೆ.

ಸಾಯುವುದು ಹುಲಿ. ತೊಡಕು ಇರುವುದು ಇಲ್ಲಿಯೇ. ಹಸುವನ್ನು ಒಡಹುಟ್ಟಿದ ಅಕ್ಕನೆಂದು ತಿಳಿದ ಗಳಿಗೆಯಲ್ಲಿ ಅರ್ಬುತನು ಮಕ್ಕಳಿಗೆ ಪ್ರಿಯನಾಗುವನು. ಅದೇ ಗಳಿಗೆಯಲ್ಲಿ ಕವಿಯು ಅವನನ್ನು ಕಿತ್ತುಕೊಳ್ಳುವನು. ಪದ್ಮಪುರಾಣದಲ್ಲಿ ಈ ಕಥೆಯ ಸೋದರವೃತ್ತಾಂತವೊಂದಿದೆ. ಅಲ್ಲಿ ಹಸುವಿನ ಹೆಸರು ನಂದೆ. ಹುಲಿಯಾದವನು ಪ್ರಭಂಜನನೆಂಬ ಅರಸು. ಮರಿಗೆ ಮೊಲೆಯೂಡುತ್ತಿದ್ದ ಹುಲ್ಲೆಯನ್ನು ಬಾಣದಿಂದ ಹೊಡೆದು ಶಾಪಗ್ರಸ್ತನಾಗಿದ್ದವನು. ನಂದೆಯ ಹೆಸರು ಕಿವಿಗೆ ಬಿದ್ದೊಡನೆ ಅವನಿಗೆ ಹುಲಿಯ ಮೈ ಕಳಚಿ ಮೊದಲಿನ ರೂಪ ಬರುವುದು. ಕನ್ನಡದ ಕವಿಯು ಶಾಪವನ್ನೂ ಕೈಬಿಟ್ಟನು, ಅರಸನನ್ನೂ ಕೈಬಿಟ್ಟನು. ಅವನ ಅರ್ಬುತನು ಹಸಿದ ಹುಲಿ, ಅಷ್ಟೆ.

ಪಶ್ಚಾತ್ತಾಪಪಟ್ಟವನು ಬದುಕಬಾರದೆ ಎಂದು ಮಗು ಕೇಳುವುದು ನ್ಯಾಯವೇ. ಅದಕ್ಕೆ ಉತ್ತರ ಕೊಡಲಾರದೆ, ಹುಲಿ ಅಂದಿನಿಂದ ಹುಲ್ಲು ತಿಂದುಕೊಂಡು ಹಸುಗಳೊಡನೆ ಸುಖವಾಗಿತ್ತೆಂದು ಕಥೆಯನ್ನು ತಿದ್ದುವ ಹಿರಿಯರುಂಟು. ಇದು ಕರುಣೆಯಂತೆ ಕಂಡರೂ ಕರುಣೆಯಲ್ಲ. ಹುಲಿ ಹುಲ್ಲು ತಿನ್ನದೆಂಬುದು ಮಗುವಿಗೂ ಗೊತ್ತು. ನಾಳೆ ಮತ್ತೆ ಹಸಿವಾದೀತು. ನಾಳೆ ಬಂದ ಹಸುವಿಗೆ ಪುಣ್ಯಕೋಟಿಯ ನುಡಿಬಲವಿಲ್ಲದಿದ್ದೀತು. ತನ್ನ ಹಸಿವನ್ನೂ ಹಸುವಿನ ಸತ್ಯವನ್ನೂ ಒಟ್ಟಿಗೆ ಇರಿಸಿಕೊಳ್ಳಲಾರದ ಪ್ರಾಣಿಯ ಸಂಕಟವನ್ನು ಕವಿ ಮರೆಮಾಚಲಿಲ್ಲ. ಸತ್ಯವನ್ನು ಹೊಗಳುವ ಹಾಡನ್ನು ಸುಳ್ಳಿನಿಂದ ಮುಗಿಸುವುದು ಹುಲಿಯನ್ನು ಕೊಲ್ಲುವುದಕ್ಕಿಂತ ದೊಡ್ಡ ಹಿಂಸೆ. ಆದರೆ ಹುಲಿಯ ಆ ಹಾರಿಕೆಯನ್ನು ಮಾದರಿಯೆಂದು ಕೊಂಡಾಡಿ ಬಿಡುವುದೂ ಸಲ್ಲದು. ತಪ್ಪಿಗೆ ಪ್ರಾಣ ಕೊಡುವುದೇ ಪ್ರಾಯಶ್ಚಿತ್ತವೆಂದು ಮಗು ತಿಳಿಯದಂತೆ, ಮನುಷ್ಯನಿಗೆ ಹುಲಿಗಿಲ್ಲದ ದಾರಿಗಳುಂಟೆಂದು ಬಳಿಯಲ್ಲಿ ಕುಳಿತು ತಿಳಿಯಹೇಳಬೇಕಾದವರು ಹಿರಿಯರು.

ಮುಖ್ಯಪಾತ್ರವೇ ಮಡಿಯುವ ಕಥೆಯನ್ನೂ ಕನ್ನಡದ ಎಳೆಯರು ಓದಿದ್ದಾರೆ. ಪಂಜೆ ಮಂಗೇಶರಾಯರು (1874–1937) ತುಳು ಪಾಡ್ದನಗಳಿಂದ ತಿಳಿಗನ್ನಡಕ್ಕೆ ತಂದ ಕೋಟಿ ಚೆನ್ನಯರ ಕಥೆಯಲ್ಲಿ ಅವಳಿವೀರರಿಬ್ಬರೂ ಸಾಯುವರು. ಆದರೂ ಆ ಕಥೆ ಮನಸ್ಸನ್ನು ಮುರಿಯುವುದಿಲ್ಲ. ಆ ವೀರರು ತುಳುನಾಡಿನ ಗರಡಿಗಳಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವರು. ಅವರು ಬೇಡಿದ ನ್ಯಾಯವು ಅವರೊಡನೆ ಮಣ್ಣಾಗಲಿಲ್ಲ.

ಆದುದರಿಂದ ಕೊಲ್ಲಬಹುದೆ, ಕೂಡದೆ ಎಂಬ ಪ್ರಶ್ನೆಯನ್ನು ಕೊಂಚ ತಿರುಗಿಸಿ ಕೇಳುವುದು ಲೇಸು: ಪಾತ್ರ ಅಳಿದ ಮೇಲೆ ಮಗುವಿನ ಕೈಯಲ್ಲಿ ಉಳಿಯುವುದೇನು? ಕಣ್ಣೀರು ಕರೆಯುವುದಕ್ಕಾಗಿಯೇ ತಂದ ಸಾವಿನಲ್ಲಿ ಏನೂ ಉಳಿಯದು. ಅಂಥ ಲೇಖಕನಿಗೆ ಕೊಲ್ಲುವ ಅಧಿಕಾರವಿಲ್ಲ. ಕೊಟ್ಟ ಮಾತು, ಬೇಡಿದ ನ್ಯಾಯ, ಕಂಡ ಸತ್ಯ ಇವುಗಳಲ್ಲಿ ಒಂದಾದರೂ ಉಳಿಯುವುದಾದರೆ, ಮಗು ಒಂದು ರಾತ್ರಿ ಅತ್ತರೆ ಅಳಲಿ. ಮರುದಿನ ಅದೇ ಹಾಡನ್ನು ಮತ್ತೆ ಹೇಳೆಂದು ಕೇಳುವುದೂ ಆ ಮಗುವೇ.