ಕೆಸರಲ್ಲಿ ಮೂಡಿದ ಮೂಗುಗಳು

ಹೊನ್ನಾವರದ ಕಾಸರಕೋಡಿನಲ್ಲಿ, ಶರಾವತಿಯ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ, ಹಲಗೆ ಹಾಸಿದ ಕಾಲುದಾರಿಯೊಂದಿದೆ. ಬಂದವರು ತಲೆಯೆತ್ತಿ ಹಸಿರು ನೋಡುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಬಗ್ಗಿ ಕೆಸರು ನೋಡುವ ಪೈಕಿ. ನೀರಿಳಿದಾಗ ಅವಿಸೀನಿಯಾ ಮರದ, ಅಂದರೆ ಉಪ್ಪಟಿಯ, ಸುತ್ತ ಪೆನ್ಸಿಲ್ ದಪ್ಪದ ಕಡ್ಡಿಗಳು ಗೇಣುದ್ದ ನೆಟ್ಟಗೆ ನಿಂತಿರುತ್ತವೆ. ಯಾರೋ ಬಿತ್ತಿ ಹೋದದ್ದು ಮೊಳೆತಂತಿದೆ. ಆದರೆ ಅದು ಮೊಳಕೆಯಲ್ಲ, ಬೇರು. ನೆಲದೊಳಗೆ ಇಳಿಯಬೇಕಾದ್ದು ಆಕಾಶಕ್ಕೆ ಮುಖ ಮಾಡಿದೆ.

ಯಾಕೆಂಬುದು ನಮ್ಮ ಮೂಗಿಗೇ ತಿಳಿಯುತ್ತದೆ. ಆ ಕೆಸರಿಗೆ ಕೊಳೆತ ಮೊಟ್ಟೆಯ ವಾಸನೆ. ತೋಟದ ಮಣ್ಣಿನಲ್ಲಿ ಕಣಕಣಗಳ ನಡುವೆ ಗಾಳಿಯಿದ್ದರೆ ಇಲ್ಲಿ ಬರೀ ನೀರು. ತುಸು ಕೆಳಗೆ ಹೋದರೆ ಆಮ್ಲಜನಕದ ಸುಳಿವೇ ಇಲ್ಲ. ಬೇರಿಗೂ ಉಸಿರು ಬೇಕಲ್ಲ! ಹಾಗಾಗಿ ಉಪ್ಪಟಿಯ ಬೇರು ಕೆಸರಿನಲ್ಲಿ ಹಗ್ಗದಂತೆ ಅಡ್ಡಡ್ಡ ಹರಿದು, ಸಾಲುಸಾಲಾಗಿ ಮೂಗುಗಳನ್ನು ಮೇಲಕ್ಕೆ ಕಳಿಸುತ್ತದೆ. ಎರಡು ಮೂರು ಮೀಟರ್ ಎತ್ತರದ ಒಂದೇ ಮರಕ್ಕೆ ಇಂಥವು 10,000ಕ್ಕೂ ಹೆಚ್ಚಿರಬಹುದು.

ಹತ್ತಿರದಿಂದ ನೋಡಿದರೆ ಕಡ್ಡಿಯ ಮೈತುಂಬ ಬೆವರುಸಾಲೆಯಂಥ ಗುಳ್ಳೆಗಳು. ಇವೇ ಲೆಂಟಿಸೆಲ್‌ಗಳು, ಗಾಳಿಯ ಕಿಂಡಿಗಳು. ಒಳಗೆ ತಾವರೆದಂಟಿನಂತೆ ಟೊಳ್ಳು ಟೊಳ್ಳು.

ನನ್ನನ್ನು ಮರುಳುಮಾಡಿದ್ದು ಉಸಿರೆಳೆಯುವ ಬಗೆ. ಉಬ್ಬರದಲ್ಲಿ ಕಡ್ಡಿಗಳು ಮುಳುಗುತ್ತವೆ. ಕಿಂಡಿಗಳು ಗಾಳಿಗೆ ದಾರಿ ಕೊಟ್ಟರೂ ನೀರನ್ನು ಒಳಗೆ ಬಿಡವು. ಒಳಗುಳಿದ ಆಮ್ಲಜನಕವನ್ನು ಬೇರು ಬಳಸುತ್ತ ಹೋಗುತ್ತದೆ. ಬದಲಿಗೆ ಹುಟ್ಟುವ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಸಲೀಸಾಗಿ ಕರಗಿಬಿಡುತ್ತದೆ. ಹೋದದ್ದರ ಜಾಗ ತುಂಬುವವರಿಲ್ಲ. ಬೇರಿನೊಳಗಿನ ಒತ್ತಡ ಕುಸಿಯುತ್ತದೆ. ನೀರಿಳಿದು ತುದಿ ಹೊರಬಿದ್ದದ್ದೇ ತಡ, ಹೊರಗಿನ ಗಾಳಿ ತಾನಾಗಿ ಒಳಗೆ ನುಗ್ಗುತ್ತದೆ. ಕಮ್ಮಾರನ ತಿದಿಯಿದ್ದಂತೆ, ಒತ್ತುವ ಕೆಲಸ ಮಾತ್ರ ಕಡಲಿನದು, ದಿನಕ್ಕೆ ಎರಡು ಬಾರಿ. ಇಷ್ಟು ಸೋಮಾರಿಯಾದ ಜಾಣತನವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದನ್ನು ಅಳೆದು ತೋರಿಸಿದವರು ವಿಜ್ಞಾನಿ ಪರ್ ಸ್ಕೋಲಾಂಡರ್ ಮತ್ತು ಸಂಗಡಿಗರು, 1955ರಲ್ಲಿ. ಊರುಗೋಲಿನಂಥ ಬೇರುಗಳ ಇನ್ನೊಂದು ಕಾಂಡ್ಲಾ ಮರ ರೈಜೋಫೋರಾದ ಕಿಂಡಿಗಳಿಗೆ ಅವರು ಗ್ರೀಸ್ ಬಳಿದರು. ಎರಡೇ ದಿನದಲ್ಲಿ ಕೆಸರೊಳಗಿನ ಬೇರಿನಲ್ಲಿ ಆಮ್ಲಜನಕ ತಳ ಕಂಡಿತ್ತು.

ಅದೇ ಶರಾವತಿಯ ಗುಂಟ ಗೇರುಸೊಪ್ಪೆಯ ಘಾಟಿ ಹತ್ತಿದರೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿ ಸಿಗುತ್ತದೆ. ಜಾಯಿಕಾಯಿಯ ಬಳಗದ ಮರಗಳು, ಕಾಲಡಿ ಸದಾ ಸಿಹಿನೀರಿನ ಕೊಚ್ಚೆ. ಅಲ್ಲಿಯ ಬೇರು ಕಡ್ಡಿಯಾಗಿ ನಿಲ್ಲುವುದಿಲ್ಲ. ಕೆಸರಿನಿಂದೆದ್ದು, ಮಡಿಚಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತದೆ. ಉಬ್ಬರವಿಳಿತವಿಲ್ಲದ ಕಡೆ ತಿದಿಯೂ ಇಲ್ಲ. ಗಾಳಿ ಮೆಲ್ಲಗೆ ತಾನೇ ಇಳಿಯಬೇಕು. ಚಂದಕ್ಕೆ ಕತ್ತಲೆಕಾನು, ಜಾಣ್ಮೆಗೆ ಕಾಸರಕೋಡು ಅನ್ನುವುದು ನನ್ನ ತೀರ್ಪು.

ನೋಡಹೋಗುವವರು ಇಳಿತದ ಹೊತ್ತನ್ನು ಕಾಸರಕೋಡಿನ ಮೀನುಗಾರರಲ್ಲಿ ವಿಚಾರಿಸಿಕೊಂಡು ಹೋಗಿ. ಹಲಗೆಯ ಮೇಲೇ ಕೂತು ನೋಡಿ, ಕೆಸರಿಗೆ ಇಳಿಯಬೇಡಿ. ಕಾಲಡಿ ಮುರಿಯುವುದು ಅವೇ ಕಡ್ಡಿಗಳು.