ಹತ್ತಿಯ ಎಳೆ ಮತ್ತು ಅಮೆರಿಕದ ಇತಿಹಾಸ: ಮಕ್ಕಳ ಪುಸ್ತಕಗಳ ವಿವೇಚನೆ

ಕನ್ನಡದ ಮಕ್ಕಳಿಗೆ ಅಮೆರಿಕದ ಇತಿಹಾಸವು ಬಹುಮಟ್ಟಿಗೆ ಜೀವನಚರಿತ್ರೆಯ ರೂಪದಲ್ಲಿಯೇ ಪರಿಚಯವಾಗಿದೆ. ವಾಷಿಂಗ್ಟನ್, ಲಿಂಕನ್ ಮೊದಲಾದವರ ಕಿರುಚರಿತ್ರೆಗಳೇ ಈ ಓದಿನ ಮುಖ್ಯ ಸಾಮಗ್ರಿ. ಕನ್ನಡ ಮಕ್ಕಳ ಸಾಹಿತ್ಯದ ಒಟ್ಟು ಒಲವೂ ಇದಕ್ಕೆ ಕಾರಣವಾಗಿದೆ. 1970ರ ದಶಕದಲ್ಲಿ ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಹೊರಬಂದು 510 ಪುಸ್ತಕಗಳಿಗೆ ಬೆಳೆದ ‘ಭಾರತ-ಭಾರತಿ’ ಮಾಲೆಯು ಭಾರತೀಯ ವ್ಯಕ್ತಿಗಳನ್ನು ಕುರಿತದ್ದಾದರೂ, ವ್ಯಕ್ತಿಯ ಮೂಲಕ ಇತಿಹಾಸವನ್ನು ಹೇಳುವ ಕ್ರಮವನ್ನು ಮನೆಮನೆಗೆ ಮುಟ್ಟಿಸಿತು. ಈ ಕ್ರಮದ ಲಾಭ ದೊಡ್ಡದು, ಮಿತಿಯೂ ಸಣ್ಣದಲ್ಲ. ಆ ಮಿತಿಯನ್ನು ಬನಹಟ್ಟಿಯಂಥ ನೇಕಾರರ ಊರಿನ ಬಾಲ ಓದುಗರನ್ನು ಎದುರಿಗಿಟ್ಟುಕೊಂಡು ಪರಿಶೀಲಿಸುವುದು ಉಚಿತ.

ಲಿಂಕನ್ನನ ಕಥೆಯನ್ನೇ ನೋಡಬಹುದು. ಮರದ ದಿಮ್ಮಿಗಳ ಗುಡಿಸಲು, ಒಲೆಯ ಬೆಳಕಿನ ಓದು, ಎರವಲು ತಂದ ಪುಸ್ತಕ, ಪ್ರಾಮಾಣಿಕತೆ, ಅಧ್ಯಕ್ಷ ಪದವಿ, ಕೊನೆಗೆ ಗುಲಾಮರ ಬಿಡುಗಡೆ: ಇದು ರೂಢಿಗತ ನಿರೂಪಣೆಯ ಚೌಕಟ್ಟು. ಮಗನ ಶಿಕ್ಷಕನಿಗೆ ಲಿಂಕನ್ ಬರೆದನೆಂದು ಪ್ರಚಾರದಲ್ಲಿರುವ ಪತ್ರವೂ ಈ ನೀತಿಪ್ರಧಾನ ದೃಷ್ಟಿಯ ಫಲವೇ. ಅದು ಆತನ ಬರಹಗಳ ಸಂಪುಟಗಳಲ್ಲಿ ಎಲ್ಲಿಯೂ ಇಲ್ಲ. ಇಂಥ ನಿರೂಪಣೆಯಲ್ಲಿ ಗುಲಾಮರು ಬಿಡುಗಡೆಯನ್ನು ಪಡೆಯುವವರಾಗಿ ಮಾತ್ರ ಉಳಿಯುತ್ತಾರೆ. 1863ರ ಜನವರಿ 1ರ ಘೋಷಣೆಯು ಬಂಡೆದ್ದ ಪ್ರಾಂತಗಳಿಗೆ ಮಾತ್ರ ಅನ್ವಯಿಸಿತ್ತು. ದೇಶದಾದ್ಯಂತ ಗುಲಾಮಗಿರಿ ರದ್ದಾದುದು 1865ರ ಡಿಸೆಂಬರಿನಲ್ಲಿ, ಸಂವಿಧಾನದ 13ನೆಯ ತಿದ್ದುಪಡಿಯಿಂದ. ಈ ನಡುವೆ ಸುಮಾರು 1,80,000 ಕಪ್ಪು ಸೈನಿಕರು ಒಕ್ಕೂಟದ ಪರವಾಗಿ ಹೋರಾಡಿದ್ದರು. ಅವರ ಪಾಲನ್ನು ಹೇಳದ ಪುಸ್ತಕವು ಬಿಡುಗಡೆಯನ್ನು ಒಬ್ಬನ ಔದಾರ್ಯವನ್ನಾಗಿಸುತ್ತದೆ.

ಅಮೆರಿಕದಲ್ಲಿಯೇ ಮಕ್ಕಳ ಲೇಖಕರು ಈ ಮಾದರಿಯನ್ನು ಮುರಿದಿದ್ದಾರೆ. ಜೂಲಿಯಸ್ ಲೆಸ್ಟರ್ ಅವರ ‘ಟು ಬಿ ಎ ಸ್ಲೇವ್’ (1968) ಗುಲಾಮರಾಗಿದ್ದವರ ಸ್ವಂತ ಮಾತುಗಳನ್ನು ಪೋಣಿಸಿ ಇತಿಹಾಸವನ್ನು ಕಟ್ಟುತ್ತದೆ. ರಸೆಲ್ ಫ್ರೀಡ್‌ಮನ್ ಅವರ ‘ಲಿಂಕನ್: ಎ ಫೋಟೊಬಯಾಗ್ರಫಿ’ (1987) ಜೀವನಚರಿತ್ರೆಯಾಗಿದ್ದುಕೊಂಡೇ ಲಿಂಕನ್ನನ ಹಿಂಜರಿಕೆಗಳನ್ನು ಮರೆಮಾಚುವುದಿಲ್ಲ, 1988ರ ನ್ಯೂಬೆರಿ ಪದಕ ಇದಕ್ಕೆ ಸಂದಿತು. ಎಳೆಯರಿಗೆ ಸತ್ಯವು ಭಾರವಾದೀತೆಂಬ ಅಳುಕಿಗೆ ಈ ಎರಡು ಕೃತಿಗಳು ತಕ್ಕ ಉತ್ತರವಾಗಿವೆ.

ಕನ್ನಡದ ಮಟ್ಟಿಗೆ ಇನ್ನೊಂದು ದಾರಿಯೂ ಇದೆ. ಅದು ಹತ್ತಿಯ ದಾರಿ. 1793ರಲ್ಲಿ ಎಲಿ ವಿಟ್ನಿ ರೂಪಿಸಿದ, ಅರಳೆಯಿಂದ ಬೀಜ ಬಿಡಿಸುವ ಯಂತ್ರವು ದಕ್ಷಿಣ ಅಮೆರಿಕನ್ ಪ್ರಾಂತಗಳಲ್ಲಿ ಹತ್ತಿಯ ಬೆಳೆಯನ್ನು ಹಬ್ಬಿಸಿತು. ಅದರೊಂದಿಗೆ ಗುಲಾಮಗಿರಿಯೂ ಹಬ್ಬಿ, 1860ರ ಹೊತ್ತಿಗೆ ಗುಲಾಮರ ಸಂಖ್ಯೆ ಸುಮಾರು 40 ಲಕ್ಷಕ್ಕೆ ಏರಿತು. ಅವರು ಬಿಡಿಸಿದ ಹತ್ತಿಯೇ ಲ್ಯಾಂಕಶೈರಿನ ಗಿರಣಿಗಳಿಗೆ ಹೋಗಿ, ಬಟ್ಟೆಯಾಗಿ ಭಾರತಕ್ಕೆ ಬಂದು ಇಲ್ಲಿನ ಕೈಮಗ್ಗಗಳ ಎದುರಾಳಿಯಾಯಿತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದ ಬೆಳೆಗಾರರನ್ನು ಕರೆಸಿ, ನ್ಯೂ ಓರ್ಲಿಯನ್ಸ್ ಬೀಜವನ್ನು ಧಾರವಾಡ ಸೀಮೆಯಲ್ಲಿ ಬಿತ್ತಿಸಿತು. ‘ಧಾರವಾಡ-ಅಮೆರಿಕನ್’ ಎಂಬ ತಳಿ ನೆಲೆಗೊಂಡಿತು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಅಮೆರಿಕದ ಹತ್ತಿ ನಿಂತುಹೋದಾಗ ಇಲ್ಲಿ ಅದರ ಬೆಲೆ ಮೇಲೇರಿತು. ಯುದ್ಧ ಮುಗಿದ ಬಳಿಕ ಕುಸಿಯಿತು.

ಮಗ್ಗದ ಸಪ್ಪಳದಲ್ಲಿ ಬೆಳೆದು, ಕಂಡಿಕೆ ಸುತ್ತುವುದನ್ನು ಕಂಡ ಮಗುವಿಗೆ ಈ ಕಥೆಯ ಹಾಸುಹೊಕ್ಕು ಬೇಗ ತಿಳಿಯುತ್ತದೆ. ನೂಲಿನ ಬೆಲೆ ಏರಿದರೆ ಮನೆಯಲ್ಲಿ ಏನಾಗುತ್ತದೆಂಬುದನ್ನು ಅದಕ್ಕೆ ಬೇರೆಯವರು ಬಿಡಿಸಿ ಹೇಳಬೇಕಿಲ್ಲ. ಆದರೆ ಗುಡಿಸಲಿನಿಂದ ಅಧ್ಯಕ್ಷ ಪದವಿಗೇರಿದವನ ಕಥೆಯಲ್ಲಿ ಈ ತಿಳಿವಳಿಕೆಗೆ ಕೆಲಸವೇ ಇಲ್ಲ.

ಸಾಮಾನ್ಯರ ಇತಿಹಾಸವನ್ನು ಹೇಳುವ ಬಗೆಯು ಈ ಸೀಮೆಗೆ ಹೊಸದೂ ಅಲ್ಲ. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ವಿರೋಧಿಸಿದ ಮುಧೋಳ ತಾಲ್ಲೂಕಿನ ಹಲಗಲಿ ಬೇಡರನ್ನು ಕುರಿತ ಲಾವಣಿಯು ಹನುಮ, ಬಾಲ, ಜಡಗ, ರಾಮರೆಂದು ಹೆಸರು ಹಿಡಿದು, ಸೋತವರ ಪಕ್ಕದಲ್ಲಿ ನಿಂತು ಹಾಡುತ್ತದೆ. ಅರಸನಲ್ಲದವರೂ ಚರಿತ್ರೆಯ ಕರ್ತೃಗಳೆಂಬುದು ಅದರ ನಿಲುವು. ಲಿಂಕನ್ನನನ್ನು ಕೈಬಿಡಬೇಕಾಗಿಲ್ಲ. ಆತನ ಸುತ್ತ ನಿಂತಿದ್ದ, ಹತ್ತಿ ಬಿಡಿಸಿದ, ಓಡಿಹೋದ, ಬಂದೂಕು ಹಿಡಿದ ಜನರನ್ನೂ ಹೆಸರು ಹಿಡಿದು ಕರೆಯುವ ಕನ್ನಡ ಪುಸ್ತಕ ಬೇಕಾಗಿದೆ. ಅಂಥ ಪುಸ್ತಕವು ಅಮೆರಿಕವನ್ನು ತಿಳಿಸುವುದರ ಜೊತೆಗೆ ಬನಹಟ್ಟಿಯ ಮಗುವಿಗೆ ತನ್ನ ಮನೆಯ ಮಗ್ಗವನ್ನೂ ತಿಳಿಸಿಕೊಡಬಲ್ಲುದು.